ಗಾಜಿನ ದಾರದ ಕೊನೆಯ ಮನೆ

ಹೇಳಿಬಿಡಲೇ? ಬೇಡವೇ?

ಹೇಳಿದರೆ ಬೈದಾನು, ಅಷ್ಟೇ ತಾನೇ... ಆದರೆ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು ಬಂದು ನಿಂತವನಿಗೆ, ‘ಇದಕ್ಕೆಲ್ಲ ನಾನೇ ಕಾರಣ’ ಎಂದು ಯಾವ ಬಾಯಿಂದ ಹೇಳುವುದು?

ತಾರಸಿಗೆ ಹೋಗುವ ಮೆಟ್ಟಿಲ ತುದಿಯಲ್ಲಿ ಸಂಘಮಿತ್ರಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ, ಸ್ಟೂಲಿನ ಮೇಲೆ, ಇಸ್ತ್ರಿಪೆಟ್ಟಿಗೆ. ಅದರ ಬಿಸಿ ಇನ್ನೂ ಆರಿರಲಿಲ್ಲ.

ಎದುರಿಗಿದ್ದ ಕೇಬಲ್ ಹುಡುಗ ಏಣಿಯನ್ನು ಗೋಡೆಗೆ ಒರಗಿಸಿದ. ಅವನ ಕೂದಲಲ್ಲಿ ಒಣಗಿದ ಎಲೆಯ ಚೂರು ಸಿಕ್ಕಿಕೊಂಡಿತ್ತು. ಮೊಣಕೈ ತರಚಿತ್ತು. ತಗ್ಗಿನ ಸಜ್ಜೆಯ ಮೇಲಿದ್ದ ಇಂಟರ್ನೆಟ್ಟಿನ ಕಪ್ಪು ಡಬ್ಬಿಯಲ್ಲಿ ಹಸಿರು ದೀಪಗಳು ಹೊತ್ತಿಕೊಂಡಿದ್ದನ್ನು ಕಂಡು ಅವನು ಹುಬ್ಬು ಗಂಟಿಕ್ಕಿದ.

"ಈಗ ಬಂದೈತಲ್ಲ..." ಎಂದು ತನಗೇ ಹೇಳಿಕೊಂಡು, ಅವಳತ್ತ ತಿರುಗಿದ. "ಯಾರರ ಇದರ ಪ್ಲಗ್ ತಗದಿದ್ರೇನ್ರಿ?"

"ಇಲ್ಲ."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಬೆಳಿಗ್ಗೆ ಗಿರಾಕಿಗಳ ರವಿಕೆಗೆ ಇಸ್ತ್ರಿ ಹಾಕಲು ಪ್ಲಗ್ ಕಿತ್ತವಳು ಅವಳೇ. ವಾಪಸ್ ಸಿಕ್ಕಿಸಲು ಮರೆತವಳೂ ಅವಳೇ. ಗೇಟಿನ ಸದ್ದು ಕೇಳಿ ಓಡಿಬಂದು ಸಿಕ್ಕಿಸಿದವಳೂ ಅವಳೇ.

"ವಿಜಯನಗರದಿಂದ ಇಲ್ಲೀತನ ಒಂದೊಂದ್ ಮರ, ಒಂದೊಂದ್ ಕಂಬ ನೋಡ್ಕೋತ ಬಂದೀನ್ರಿ. ಎಲ್ಲೂ ಕಟ್ ಆಗಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅವನ ನೋಟ ಒಂದು ಕ್ಷಣ ಸ್ಟೂಲಿನತ್ತ ಹೋಯಿತು. ಮಡಚಿಟ್ಟ ರವಿಕೆಗಳು, ಕಾದ ಬಟ್ಟೆಯ ವಾಸನೆ. ಸಂಘಮಿತ್ರಾ ಸ್ಟೂಲಿಗೆ ಅಡ್ಡ ಸರಿದಳು.

ಅವನು ಮತ್ತೇನೂ ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಹತ್ತಿಯನ್ನೂ ಸ್ಪಿರಿಟ್ ಸೀಸೆಯನ್ನೂ ತೆಗೆದು, ಡಬ್ಬಿಯ ಹಿಂದೆ ಸಿಕ್ಕಿಸಿದ್ದ ಎರಡು ಹಳದಿ ಎಳೆಗಳ ತುದಿಯನ್ನು ಒಂದೊಂದಾಗಿ ಒರೆಸಿದ. ಕೂಸಿನ ಕಿವಿ ಒರೆಸುವಷ್ಟು ಮೆತ್ತಗೆ.

"ಏನಾಗಿತ್ತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಏನಿಲ್ರಿ. ಕನೆಕ್ಟರ್‌ನ್ಯಾಗ ಧೂಳು ಕುಂತಿತ್ತು."

ಅಷ್ಟು ಹೇಳಿ ಏಣಿಯನ್ನು ಹೆಗಲಿಗೇರಿಸಿ ಇಳಿದುಹೋದ. ಆ ದಿನವೆಲ್ಲ ಅವಳ ಹೊಲಿಗೆ ಯಂತ್ರ ಓಡಲಿಲ್ಲ.

ಎರಡು ಸಾವಿರದ ಆರನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಆ ಡಬ್ಬಿ ಬಿನ್ನಿಪೇಟೆಯ ಅವರ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೇಬಲ್ ನಡೆಸುವ ಮುರುಗೇಶ್ ತಾನೇ ಬಂದು ಅವಳಪ್ಪನ ಹತ್ತಿರ ಜಾಗ ಕೇಳಿದ್ದ. "ಕರೆಂಟು ನಿಮ್ದು, ಟೀವಿ ಕನೆಕ್ಷನ್ ನಮ್ದು. ಫ್ರೀ. ಸರಿನಾ ಅಯ್ಯಾ?"

ಅದಕ್ಕೆ ಮೀಡಿಯಾ ಕನ್ವರ್ಟರ್ ಎಂದು ಹೆಸರು. ವಿಜಯನಗರದ ಆಫೀಸಿನಿಂದ ಮರ, ಕಂಬ, ತಾರಸಿಗಳ ಮೇಲೆ ಹಾದು ಬರುವ ಫೈಬರ್ ಎಳೆ ಅಲ್ಲಿಗೆ ಮುಗಿಯುತ್ತಿತ್ತು. ಎಳೆಯೊಳಗೆ ಬೆಳಕಾಗಿ ಬಂದದ್ದನ್ನು ಡಬ್ಬಿ ತಾಮ್ರದ ತಂತಿಗೆ ದಾಟಿಸುತ್ತಿತ್ತು. ಅಲ್ಲಿಂದ ಸುತ್ತಲಿನ ಮನೆಗಳಿಗೂ ಮೂಲೆಯ ಸೈಬರ್ ಸೆಂಟರಿಗೂ ಇಂಟರ್ನೆಟ್.

ಮಿಲ್ಲಿನಲ್ಲಿ ಮಗ್ಗ ನಡೆಸಿ, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿದ್ದ ಅಪ್ಪ ದೊಡ್ಡಹನುಮಯ್ಯನಿಗೆ ಆ ಡಬ್ಬಿಯೆಂದರೆ ಒಂಥರಾ ಹೆಮ್ಮೆ. "ಒಂದೆಳೆ ತುಂಡಾದ್ರೂ ಇಡೀ ಮಗ್ಗ ನಿಲ್ತಿತ್ತು ಕಣಮ್ಮ. ಈ ಗಾಜಿನ ದಾರಾನೂ ಹಂಗೇ. ನಮ್ದು ಕೊನೇ ಮನೆ. ನಮ್ಮನ್ನ ನಂಬ್ಕೊಂಡೇ ಇಡೀ ಬೀದಿ ಇರೋದು" ಎನ್ನುತ್ತಿದ್ದ.

ಅದಾಗಿ ಸ್ವಲ್ಪ ದಿನಕ್ಕೆ ಅಳಿಲು ನಿಜವಾಗಿಯೂ ಲೈನ್ ಕಡಿದುಹಾಕಿತು. ಅವನು ಮತ್ತೆ ಬಂದ. ಈ ಸಲ ಅಮ್ಮ ಚಿಕ್ಕಲಕ್ಷ್ಮಮ್ಮ ಅವನನ್ನು ಕೂರಿಸಿ ಟೀ ಕೊಟ್ಟಳು. ಹೆಸರು ರೇವಣಸಿದ್ದ, ಊರು ಸಿಂದಗಿ ಕಡೆ ಎಂದು ಗೊತ್ತಾಯಿತು.

"ಏನಪ್ಪಾ ಸಿದ್ದ, ಮರ ಹತ್ತೋಕೆ ಅಂತ ಬೆಂಗಳೂರಿಗೆ ಬಂದ್ಯಾ?"

"ಹೌದ್ರಿ ಅವ್ವಾರ. ನಮ್ಮೂರಾಗ ಹತ್ತಾಕ ಮರಾನೇ ಇಲ್ರಿ."

ಒಳಗೆ ಗುಂಡಿ ಹೊಲಿಯುತ್ತಿದ್ದ ಸಂಘಮಿತ್ರಾ ನಕ್ಕಳು. ಸೂಜಿ ಬೆರಳಿಗೆ ಚುಚ್ಚಿತು.

ಮೆಟ್ಟಿಲ ಮೇಲೆ ಅವನು ಕೆಲಸ ಮುಗಿಸುವಾಗ ಅವಳು ಪಕ್ಕದಲ್ಲಿ ನಿಂತು ಕೇಳಿದಳು. "ಎರಡು ಎಳೆ ಯಾಕೆ?"

"ಒಂದು ಮಾತಾಡಾಕ, ಒಂದು ಕೇಳಾಕ. ಅದಲ್ ಬದಲ್ ಹಾಕಿದ್ರ ಎರಡೂ ಕಡೆ ಬರೇ ಮಾತಾಡ್ತಾವ. ಕೇಳೋರು ಯಾರೂ ಇರಂಗಿಲ್ಲ."

"ಎರಡೂ ಕಡೆಯವರು ಸುಮ್ನೆ ಇದ್ಬಿಟ್ರೆ?"

ಅವನು ತಲೆ ಎತ್ತಿ ನೋಡಿದ.

"ಮಾತಿಲ್ಲಂದ್ರೂ ಈ ದೀಪ ಹತ್ತೇ ಇರ್ತದ್ರಿ. ಲೈನ್ ಐತಿ ಅಂತ."

ಅವನು ಹೋದ ಮೇಲೆ ಅವಳು ಆ ದೀಪವನ್ನೇ ನೋಡುತ್ತ ಮೆಟ್ಟಿಲ ಮೇಲೆ ಕೂತಳು. ಅವನು ಇನ್ನು ಯಾವಾಗ ಬಂದಾನು? ಲೈನ್ ಕೆಟ್ಟಾಗ. ಲೈನ್ ಯಾವಾಗ ಕೆಟ್ಟೀತು?

ಯುಗಾದಿ ಕಳೆದ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವಳ ಕೈ ತಾನಾಗಿ ಪ್ಲಗ್ ಮೇಲೆ ಹೋಯಿತು.

ಬಟ್ಟೆಯೂ ಇರಲಿಲ್ಲ. ಇಸ್ತ್ರಿಯೂ ಇರಲಿಲ್ಲ.

ಅವನು ಬಂದ. ಅವನು ಗೇಟು ತೆಗೆಯುವಷ್ಟರಲ್ಲಿ ಅವಳು ಪ್ಲಗ್ ಸಿಕ್ಕಿಸಿದ್ದಳು. ಅವನು ಮತ್ತೆ ಹತ್ತಿ, ಸ್ಪಿರಿಟ್ಟು ತೆಗೆದ. "ಧೂಳ್ರಿ" ಎಂದ. ಮುಂದಿನ ಸಲವೂ ಧೂಳೇ. ಅದರ ಮುಂದಿನ ಸಲವೂ.

‘ಪಾಪ, ಇವನಿಗೆ ಕೆಲಸವೇ ಸರಿಯಾಗಿ ಬರುವುದಿಲ್ಲವೇನೋ’ ಎಂದು ಅವಳು ಒಳಗೊಳಗೇ ನಗುತ್ತಿದ್ದಳು. ಆ ಸ್ವಲ್ಪ ಹೊತ್ತಿನಲ್ಲಿ ಅವರು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಅವನು ಒರೆಸುವನು, ಅವಳು ನೋಡುವಳು. ಟೀ ಲೋಟ ವಾಪಸ್ ಕೊಡುವಾಗ ಬೆರಳು ತಾಗದಂತೆ ಇಬ್ಬರೂ ಎಚ್ಚರ ವಹಿಸುವರು... ಆ ಎಚ್ಚರವೇ ಅವಳಿಗೆ ರಾತ್ರಿಯೆಲ್ಲ ನೆನಪಾಗುವುದು.

ಆಮೇಲೆ ಪಿಯುಸಿ ರಿಸಲ್ಟಿನ ದಿನ ಬಂತು. ರಿಸಲ್ಟ್ ಅಂದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪ್ಲಗ್ ಮುಟ್ಟುತ್ತಿರಲಿಲ್ಲ.

ಗೇಟು ಸದ್ದಾಯಿತು. ಎಂದಿನಂತೆ ಪ್ಲಗ್ ಸಿಕ್ಕಿಸಿ ಕೆಳಗಿಳಿದಳು. ಬಂದವನು ರೇವಣಸಿದ್ದ ಒಬ್ಬನೇ ಅಲ್ಲ. ಮುಂದೆ ಮುರುಗೇಶ್ ಇದ್ದ. ಹೊರಗೆ ಹೋಗಿದ್ದ ಅಪ್ಪನೂ ಅವರ ಜೊತೆಗೇ ಒಳಗೆ ಬಂದ.

"ಅಯ್ಯಾ, ತಪ್ಪು ತಿಳ್ಕೋಬೇಡಿ," ಮುರುಗೇಶ್ ಮುಖ ಒರೆಸಿಕೊಂಡ. "ಸೈಬರ್ ಸೆಂಟರಲ್ಲಿ ಹುಡುಗ್ರು ರಿಸಲ್ಟ್ ನೋಡೋಕೆ ಕ್ಯೂ ನಿಂತಿದಾರೆ. ಮುಕ್ಕಾಲು ಗಂಟೆ ನೆಟ್ಟಿಲ್ಲ. ಒಂದು ಹುಡುಗಿ ಮೆಟ್ಲ ಮೇಲೆ ಅಳ್ತಾ ಕೂತಿದೆ. ನಿಮ್ಮನೇಲಿ ಯಾರಾದ್ರೂ ಆ ಪ್ಲಗ್ ಮುಟ್ತೀರಾ?"

"ನಮ್ಮನೇಲಾ?" ದೊಡ್ಡಹನುಮಯ್ಯ ನೆಟ್ಟಗೆ ನಿಂತ. "ಮಿಲ್ಲಲ್ಲಿ ಆಯುಸ್ಸು ಕಳ್ದೋನು ನಾನು. ಓಡೋ ಮಿಷಿನ್ ಮುಟ್ಟಬಾರ್ದು ಅಂತ ನನಗೆ ಹೇಳ್ಕೊಡ್ತೀರಾ? ಬೇಕಾದ್ರೆ ನನ್ನ ಮಗಳನ್ನ ಕೇಳಿ. ಅವಳು ಸುಳ್ಳು ಹೇಳೋಳಲ್ಲ."

ಎಲ್ಲರೂ ಅವಳತ್ತ ನೋಡಿದರು, ರೇವಣಸಿದ್ದನೊಬ್ಬನನ್ನು ಬಿಟ್ಟು. ಅವನು ನೆಲ ನೋಡುತ್ತಿದ್ದ.

ಹೇಳು... ಈಗ ಹೇಳು. ಅವಳ ತುಟಿ ಅಲುಗಿತು.

"ಸಾರ್, ಅವರದೇನಿಲ್ರಿ," ರೇವಣಸಿದ್ದ ಹೇಳಿದ. "ಅಡಾಪ್ಟರ್ ನಾನೇ ಸರಿ ಕೂಡ್ಸಿದ್ದಿಲ್ಲ."

"ಪ್ರತೀ ಸಲಾನೂ ನೀನೇನಾ ಗುರು?"

"ಹೌದ್ರಿ."

ಮುರುಗೇಶ್ ಅವನನ್ನು ದಿಟ್ಟಿಸಿ ನೋಡಿದ. "ಹಂಗಾದ್ರೆ ಈ ಲೈನ್ ಬಿಡು. ನಾಳೆಯಿಂದ ಕೆಂಗೇರಿ ನೋಡ್ಕೊ. ಅಲ್ಲೂ ಇದೇ ಕಥೆ ಅಂದ್ರೆ ಊರ ಬಸ್ ಹತ್ತು."

ರೇವಣಸಿದ್ದ ತಲೆಯಾಡಿಸಿ, ಏಣಿ ತೆಗೆದುಕೊಂಡು ಹೊರಟ. ಅವಳು ತಡೆಯಲಿಲ್ಲ.

ಅದಾದ ಮೇಲೆ ಡಬ್ಬಿಯ ದೀಪ ಒಂದು ಸಲವೂ ಆರಲಿಲ್ಲ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಸಂಕಟ. ಅವನ ಕೆಲಸ ಹೋಗುವ ಸ್ಥಿತಿ ಬಂತೆಂಬುದೊಂದೇ ಅಲ್ಲ. ಅವನು ಅದನ್ನು ನಂಬಿಬಿಟ್ಟಿದ್ದಾನಲ್ಲ... ತನ್ನ ಕೈಯೇ ಸರಿಯಿಲ್ಲ, ತಾನು ಕೂರಿಸಿದ್ದು ನಿಲ್ಲುವುದಿಲ್ಲ ಎಂದು. ಅಷ್ಟು ಮೆತ್ತಗೆ ಕೆಲಸ ಮಾಡುವ ಕೈಗೆ ಅಂಥ ಅನುಮಾನ ಅಂಟಿಸಿದವಳು ನಾನು.

ಒಂದು ಸಂಜೆ ಅವಳು ಅಪ್ಪನ ಮುಂದೆ ಬಂದು ಕೂತಳು.

"ಅಪ್ಪ, ನಾನು ಸುಳ್ಳು ಹೇಳೋಳೇ."

ಎಲ್ಲವನ್ನೂ ಹೇಳಿದಳು. ಇಸ್ತ್ರಿಯನ್ನೂ ಹೇಳಿದಳು, ಇಸ್ತ್ರಿ ಇಲ್ಲದ ಮಧ್ಯಾಹ್ನಗಳನ್ನೂ ಹೇಳಿದಳು. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಗಳ ಸದ್ದು ನಿಂತುಹೋಯಿತು.

ದೊಡ್ಡಹನುಮಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ.

"ಆ ಹುಡುಗಿ ಅಳ್ತಿದ್ದಳಂತಲ್ಲ," ಎಂದ.

"ಹೂಂ ಅಪ್ಪ."

"ಬೆಳಿಗ್ಗೆ ಬೇಗ ಏಳು. ನಾನೂ ಬರ್ತೀನಿ."

ವಿಜಯನಗರದ ಆಫೀಸೆಂದರೆ ಬೇಕರಿಯ ಮಹಡಿಯಲ್ಲಿದ್ದ ಒಂದು ಕೋಣೆ. ಮುರುಗೇಶ್ ಖಾರಾಬನ್ ತಿನ್ನುತ್ತಿದ್ದ. ಅವಳು ಕೂರಲಿಲ್ಲ.

"ಸಾರ್, ಪ್ಲಗ್ ಕೀಳ್ತಿದ್ದಿದ್ದು ನಾನು. ಅವ್ರ ತಪ್ಪು ಏನೂ ಇಲ್ಲ."

ಮುರುಗೇಶ್ ಬನ್ನು ಕೆಳಗಿಟ್ಟ. ಒಮ್ಮೆ ಅವಳನ್ನು, ಒಮ್ಮೆ ಅವಳಪ್ಪನನ್ನು ನೋಡಿದ. "ನನಗೂ ಡೌಟಿತ್ತಮ್ಮ. ಇಲ್ಲಿ ನೋಡಿ."

ಗೋಡೆಯ ಪಕ್ಕದ ಕಬ್ಬಿಣದ ಚೌಕಟ್ಟಿನಲ್ಲಿ ಕನ್ವರ್ಟರ್‌ಗಳು ಸಾಲಾಗಿದ್ದವು. ಒಂದೊಂದರ ಕೆಳಗೂ ಏರಿಯಾದ ಹೆಸರು. ಮಹಾಲಕ್ಷ್ಮಿ ಲೇಔಟ್, ಕೆಂಗೇರಿ ಉಪನಗರ, ಬಿನ್ನಿಪೇಟೆ.

"ಇದು ಹೊಸಾದು. ಆ ಕಡೆ ಡಬ್ಬಿಗೆ ಕರೆಂಟ್ ಹೋದ್ರೆ ಈ ಕೆಂಪು ದೀಪ ಬರುತ್ತೆ. ಲೈನ್ ಕಟ್ಟಾದ್ರೆ, ಧೂಳು ಗೀಳು ಕೂತ್ರೆ, ಇದು ಬರಲ್ಲ. ನಿಮ್ಮನೇದು ಪ್ರತೀ ಸಲ ಕೆಂಪೇ."

ಅವಳು ಆ ಪುಟ್ಟ ದೀಪವನ್ನು ನೋಡಿದಳು. ಅದರ ಕೆಳಗಿದ್ದ ಹೆಸರನ್ನು ನೋಡಿದಳು.

"ಇದನ್ನ... ಯಾರು ನೋಡ್ಕೋತಿದ್ರು?"

"ಇನ್ಯಾರು? ಸಿದ್ದಾನೇ. ಯುಗಾದಿಗೆ ಇದನ್ನ ಕೂರಿಸಿದ್ದೇ ಅವನು. ದಿನಾ ಬೆಳಿಗ್ಗೆ ಇದರ ಮುಂದೇನೇ ಕೂರ್ತಿದ್ದ."

ಅವಳ ಕಣ್ಣು ತುಂಬಿತು. ಹಾಗಾದರೆ ಆ ಹತ್ತಿ? ಆ ಸ್ಪಿರಿಟ್ಟು? ಪ್ರತಿ ಸಲದ ಆ ಧೂಳು?

ದೊಡ್ಡಹನುಮಯ್ಯ ಬಾಗಿಲತ್ತ ತಿರುಗಿದ. "ಕೆಂಗೇರಿಗೆ ಯಾವ ಬಸ್ಸು ಸಾರ್?"

"ಹೋಗಿ ಕರ್ಕೊಂಡ್ ಬನ್ನಿ," ಮುರುಗೇಶ್ ಮತ್ತೆ ಬನ್ನು ಕೈಗೆತ್ತಿಕೊಂಡ. "ಆದ್ರೆ ಅಮ್ಮಾ, ಇಸ್ತ್ರಿಗೆ ಬೇರೆ ಪ್ಲಗ್ ಪಾಯಿಂಟ್ ಹಾಕಿಸ್ಕೊಳಿ. ಅದನ್ನೂ ಅವನ ಕೈಲೇ ಹಾಕ್ಸಿ ಬೇಕಾದ್ರೆ."

ಕೆಂಗೇರಿ ಉಪನಗರದ ಒಂದು ಅಡ್ಡರಸ್ತೆಯಲ್ಲಿ ಅವನು ಸಿಕ್ಕಿದ. ಹೊಂಗೆಮರಕ್ಕೆ ಏಣಿ ಹಾಕಿ, ಎಲೆಗಳ ನಡುವೆ ಅರ್ಧ ಮರೆಯಾಗಿದ್ದ.

ಅಪ್ಪ ರಸ್ತೆಯ ಆಚೆಗಿನ ಟೀ ಅಂಗಡಿಯತ್ತ ಹೆಜ್ಜೆ ಹಾಕಿದ. "ನಾನು ಟೀ ಕುಡೀತಾ ಇರ್ತೀನಿ. ನಿಧಾನಕ್ಕೇ ಕುಡೀತೀನಿ."

ಅವಳು ಮರದ ಕೆಳಗೆ ಹೋಗಿ ನಿಂತಳು. "ಕೆಳಗೆ ಇಳೀರಿ."

ಎಲೆಗಳು ಸರಿದವು. ಅವನ ಮುಖ ಕಂಡಿತು. "ನೀವಾ... ಲೈನ್ ಕೈಯಾಗೈತ್ರಿ."

"ಹಂಗಾದ್ರೆ ಅಲ್ಲಿಂದ್ಲೇ ಕೇಳಿ. ಪ್ಲಗ್ ಕಿತ್ತಿದ್ದು ನಾನು. ಮೊದಲನೇ ಸಲ ಇಸ್ತ್ರಿಗೆ. ಆಮೇಲೆ..." ಅವಳು ಏಣಿಯ ಕಾಲನ್ನು ಹಿಡಿದುಕೊಂಡಳು. "ಆಮೇಲೆ ನೀವು ಬರ್ಲಿ ಅಂತ."

ಅವನು ಎಳೆಯನ್ನು ಕೊಂಬೆಗೆ ಜೋಪಾನವಾಗಿ ಕಟ್ಟಿ, ಮೆಲ್ಲನೆ ಇಳಿದುಬಂದ. ಅವಳೆದುರು ನಿಂತು ಟೀ ಅಂಗಡಿಯತ್ತ ನೋಡಿದ.

"ಅಪ್ಪಾರಿಗೆ ಹೇಳೀರೇನು?"

"ಹೇಳ್ದೆ. ನಿಮ್ಮ ಓನರ್‌ಗೂ ಹೇಳ್ದೆ. ನೀವು ವಾಪಸ್ ನಮ್ಮ ಲೈನಿಗೆ ಬರ್ಬೇಕಂತೆ. ನಾನು ಇನ್ಮೇಲೆ ಪ್ಲಗ್ ಮುಟ್ಟಲ್ಲ."

"ಮುಟ್ಟಂಗಿಲ್ಲ?"

"ಇಲ್ಲ. ಆಣೆಗೂ."

ಅವನು ಕೈಯ ಧೂಳನ್ನು ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹಂಗಂದ್ರ ನಾ ಬರೂದು ಹೆಂಗ್ರಿ?"

ಆ ಮಾತಿಗೆ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಏಣಿ ಇಲ್ದೇ ಬನ್ನಿ. ಭಾನುವಾರ. ಅಪ್ಪನ ಹತ್ರ ಮಾತಾಡೋಕೆ."

"ಬರ್ತೀನ್ರಿ."

"ಒಂದು ಮಾತು ಕೇಳ್ಲಾ? ನಿಮಗೆಲ್ಲಾ ಗೊತ್ತಿತ್ತು, ಅಲ್ವಾ? ಆ ಕೆಂಪು ದೀಪ ನಾನೂ ನೋಡ್ದೆ."

ರೇವಣಸಿದ್ದ ಅವಳ ಭುಜದ ಮೇಲೆ ಬಿದ್ದಿದ್ದ ಹೊಂಗೆಯ ಹೂವೊಂದನ್ನು ಎರಡು ಬೆರಳಲ್ಲಿ ಮೆತ್ತಗೆ ತೆಗೆದ. ಕೂಸಿನ ಕಿವಿ ಒರೆಸುವಷ್ಟು ಮೆತ್ತಗೆ.

"ಕನೆಕ್ಟರ್‌ನ್ಯಾಗ ಧೂಳಿತ್ರಿ," ಎಂದ.

ಮುಂದಿನ ಯುಗಾದಿಯ ಹೊತ್ತಿಗೆ ಅವರ ಮದುವೆಯಾಯಿತು. ಮೆಟ್ಟಿಲ ಬಳಿ ಇಸ್ತ್ರಿಗೆಂದು ಅವನೇ ಬೇರೆ ಪ್ಲಗ್ ಪಾಯಿಂಟ್ ಹಾಕಿದ. ನಗಿಸಿ, ರೇಗಿಸಿ, ಮುನಿಸಿಕೊಂಡು ಅವಳು ಎಷ್ಟೋ ಸಲ ಕೇಳಿದಳು. ಪ್ಲಗ್ ಕೀಳುತ್ತಿದ್ದವಳು ಅವಳೆಂದು ತನಗೆ ಮೊದಲ ದಿನವೇ ಗೊತ್ತಿತ್ತು ಎಂದು ಅವನು ಯಾವತ್ತೂ ಹೇಳಲಿಲ್ಲ.