ಟವೆಲ್ ಮರೆಯ ತುತ್ತು

"ಆ ಟವೆಲ್ ಇಳಿಸಿ! ನಿಮ್ಮ ತಾಯಿಗೆ ಕದ್ದು ಏನು ತಿನ್ನಿಸ್ತಿದ್ದೀರಿ?"

ಶಿವರಂಜಿನಿಯ ಕೂಗಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಶಾಂತರಾಜುವಿನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಚಾಮರಾಜನಗರ ಜಿಲ್ಲೆಯಾದ ವರ್ಷವದು. ಗುಂಡ್ಲುಪೇಟೆಯ ಶಿವರಂಜಿನಿ ಹೊಸ ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮಿಗೆ ಡಯಟೀಷಿಯನ್ ಆಗಿ ಸೇರಿದ್ದಳು. ಯಾವ ರೋಗಿ ಏನು ತಿನ್ನಬೇಕು, ಏನು ಬಿಡಬೇಕು ಅಂತ ಹೇಳುವ ಕೆಲಸ. ಉಮ್ಮತ್ತೂರಿನ ರಾಚಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ಮಾಯದ ಗಾಯ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕು ಎಂದಿದ್ದರು ಡಾಕ್ಟರು. ಮಾತ್ರೆ, ಇಂಜೆಕ್ಷನ್ ಎಲ್ಲ ಆಯಿತು. ಸಕ್ಕರೆ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ!

ಶಿವರಂಜಿನಿಯ ಅನುಮಾನವೆಲ್ಲ ಮಗ ಶಾಂತರಾಜುವಿನ ಮೇಲೆ. ರೇಷ್ಮೆ ಇಲಾಖೆಯ ನೌಕರ, ಮಾತು ಕಡಿಮೆ, ನೋಡಿದರೆ ಸಾಧು. ಆದರೆ ಮಧ್ಯಾಹ್ನ ಕ್ಯಾರಿಯರ್ ತಂದವನೇ ಗೋಡೆಗೆ ತಿರುಗಿ, ಟವೆಲ್ ಅಡ್ಡ ಹಿಡಿದು ಅವ್ವನಿಗೆ ಉಣಿಸುತ್ತಾನೆ. ಸಿಹಿ ಇಲ್ಲದಿದ್ದರೆ ಮರೆ ಯಾಕೆ? ಅವನನ್ನು ಕದ್ದು ಕದ್ದು ನೋಡುವುದೇ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅವ್ವನ ತಲೆ ಬಾಚಿ ಜಡೆ ಹಾಕುವುದನ್ನೂ ನೋಡಿದ್ದಳು... ಥೂ, ಇಂಥವನೂ ಮೋಸ ಮಾಡ್ತಾನಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಇವತ್ತು ತಡೆಯಲಾರದೆ ಅವಳೇ ಟವೆಲ್ ಸರಿಸಿದಳು. ಮೈಸೂರು ಪಾಕೂ ಇಲ್ಲ, ಹೋಳಿಗೆಯೂ ಇಲ್ಲ. ಸೊಪ್ಪಿನ ಸಾರು, ಎರಡು ರಾಗಿಮುದ್ದೆ. ಒಂದೊಂದೂ ತೆಂಗಿನಕಾಯಿ ಗಾತ್ರ!

"ಮತ್ತೆ... ಈ ಮರೆ ಯಾಕೆ?" ಅವಳ ದನಿ ಇಳಿಯಿತು.

"ಉಣ್ಣೋವಾಗ ಯಾರಾರ ಕಣ್ಣು ಬಿದ್ರೆ ದಿಷ್ಟಿ ಆಯ್ತದೆ ಕಣವ್ವ," ಎಂದಳು ರಾಚಮ್ಮ. "ನಾನೇ ಅಡ್ಡ ಹಿಡಿ ಮಗ ಅಂದಿದ್ದು."

ಶಾಂತರಾಜುವಿನ ಮುಖ ಕೆಂಪಾಗಿತ್ತು. "ಅನ್ನ ಬುಟ್ಟು ಮುದ್ದೆ ಉಣ್ಸಿ ಅಂದ್ರಿ. ಅಂಗೇ ಮಾಡುದ್ನಲ್ಲ ಮೇಡಂ! ಅವ್ವನ ಬೆರಳು ಕತ್ತರಿಸೋ ಮಗ ಅನ್ಕಂಡ್ರಾ?"

ಅಯ್ಯೋ! ಹೌದಲ್ಲ... ಎಷ್ಟು ಅಂತ ತಾನು ಹೇಳಿರಲೇ ಇಲ್ಲ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂದು ನಂಬಿದವರು ಅಳತೆ ಕೇಳುತ್ತಾರೆಯೇ?

"ರಾಗಿನೂ ಹೊಟ್ಟೆಗೆ ಹೋದ್ಮೇಲೆ ಸಕ್ಕರೆನೇ ಆಗುತ್ತೆ," ಎಂದು ಮುದ್ದೆಯನ್ನು ಮುರಿದು ಸಣ್ಣದು ಮಾಡಿದಳು. "ಇಷ್ಟು ಸಾಕು. ಸೊಪ್ಪು, ಕಾಳು ಜಾಸ್ತಿ ಕೊಡಿ. ತಪ್ಪು ನಂದೇ... ಕ್ಷಮಿಸಿ."

ಅವನು ಅಂದಿನಿಂದ ಹೇಳಿದಂತೆಯೇ ಉಣಿಸಿದ; ಅವಳತ್ತ ಮಾತ್ರ ತಿರುಗಿಯೂ ನೋಡಲಿಲ್ಲ. ಸಕ್ಕರೆ ಇಳಿಯಿತು, ಗಾಯ ಒಣಗಿತು, ಬೆರಳು ಉಳಿಯಿತು. ಆದರೆ ಶಿವರಂಜಿನಿಗೇ ಊಟ ಸೇರದಾಯಿತು. ಊರಿಗೆಲ್ಲ ಊಟದ ಬುದ್ಧಿ ಹೇಳುವವಳ ಪಾಡು ನೋಡಿ!

ಮನೆಗೆ ಕಳಿಸುವ ದಿನ ಗೇಟಿನ ಹತ್ತಿರ ಆಟೋ ನಿಂತಿತ್ತು. ಅವ್ವನನ್ನು ಕೂರಿಸಿ ಅವನೂ ಹತ್ತುವುದರಲ್ಲಿದ್ದ. 'ಈಗ ಹೋದರೆ ಮತ್ತೆ ಬರುವುದಿಲ್ಲ...' ಅವಳು ಓಡಿದಳು.

"ರೀ... ಶಾಂತರಾಜು! ಇನ್ನೂ ಕೋಪನಾ?"

"ನೀವು ದಿನಾ ನನ್ನೇ ನೋಡೋರು. ನನ್ನ ಮ್ಯಾಲೆ ಮನ್ಸಿರಬೋದು ಅನ್ಕಂಡಿದ್ದೆ ಕಣ್ರೀ," ಎಂದ ಅವನು ನೆಲ ನೋಡುತ್ತ. "ನೋಡುದ್ರೆ ಕಳ್ಳನ್ನ ಕಾಯ್ತಾ ಇದ್ರಿ. ಅದ್ಕೇ ನೋವಾಯ್ತು."

ಅವಳ ಕಣ್ಣು ತುಂಬಿ ಬಂತು. "ಅನುಮಾನದಿಂದಲೇ ನೋಡೋಕೆ ಶುರು ಮಾಡಿದ್ದು, ನಿಜ. ಅನುಮಾನ ಹೋಯ್ತು... ನೋಡೋದು ಬಿಡಕ್ಕೆ ಆಗ್ತಿಲ್ಲ."

ಆಟೋದೊಳಗೆ ರಾಚಮ್ಮ ಕೆಮ್ಮಿದಳು. "ಏನ್ಲಾ, ಬಾಯಿ ಸತ್ತೋಯ್ತಾ? ಯೋಳ್ಲಾ!"

ಶಾಂತರಾಜು ತಲೆಯೆತ್ತಿ ಅವಳ ಕಣ್ಣಲ್ಲಿ ಕಣ್ಣಿಟ್ಟ.

"ಬುಡಬ್ಯಾಡಿ," ಎಂದ.