ಬಾಲ್ ಹಿಡಿಯದ ಮಾಮೂ

ಮಾಮೂ ಸುಳ್ಳು ಹೇಳಿದ್ರಾ?

ಇರಲಾರದು. ಮುಂದಿನ ಸಲ ಬಾಲ್ ಅವರ ಕೈಗೇ ಬರಬಹುದು. ಆದರೆ ಹೋದ ಸಲವೂ ಹೀಗೇ ಅಂದುಕೊಂಡಿದ್ದೆನಲ್ಲ? ಅದರ ಹಿಂದಿನ ಸಲವೂ? ಅರ್ಧ ಆಟ ಮುಗೀತಾ ಬಂತು. ಅಷ್ಟು ದೊಡ್ಡ ಮೈ ಇಟ್ಟುಕೊಂಡು ಒಂದು ಬಾಲ್ ಹಿಡಿಯೋಕೆ ಆಗಲ್ವಾ?

ಮೈದಾನದ ಮೆಟ್ಟಿಲ ಮೇಲೆ ಕೂತು ಇಫ್ರಾ ತನ್ನೊಳಗೇ ಹೀಗೆ ಜಗಳ ಆಡುತ್ತಿದ್ದಳು. ಪಕ್ಕದಲ್ಲಿ ಗೆಳತಿ ಪವಿತ್ರ ಕಡ್ಲೆಕಾಯಿ ಬಿಡಿಸುತ್ತಿದ್ದಳು. ಅವಳ ಆಚೆ ನಾನಿ, ಅಂದರೆ ಇಫ್ರಾಳ ಅಮ್ಮನ ಅಮ್ಮ, ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು.

"ನಿಮ್ಮ ಮಾಮೂ ಯಾರೇ? ಎಲ್ಲಾರೂ ಹೆಲ್ಮೆಟ್ ಹಾಕ್ಕೊಂಡು ಒಂದೇ ಥರ ಕಾಣ್ತಾರೆ," ಅಂದಳು ಪವಿತ್ರ.

"ನೀಲಿ ಜರ್ಸಿ. ನಲವತ್ತನಾಲ್ಕು."

ಪವಿತ್ರ ಕಣ್ಣು ಕಿರಿದು ಮಾಡಿ ಹುಡುಕಿದಳು. ಆಮೇಲೆ ಬಾಯಲ್ಲಿದ್ದ ಕಡ್ಲೆಕಾಯಿ ಅಗಿಯುವುದನ್ನು ನಿಲ್ಲಿಸಿದಳು.

"ಅಯ್ಯೋ, ಅವರಾ? ಪ್ರತಿ ಸಲ ಬೀಳ್ತಾರಲ್ಲ, ಅವರಾ?"

ಇಫ್ರಾ ಅವಳ ಕೈಯಿಂದ ಒಂದು ಕಡ್ಲೆಕಾಯಿ ಕಿತ್ತುಕೊಂಡಳು.

ಇಫ್ರಾಳ ಸೋದರಮಾವ ನೂಮಾನ್ ಮಾಮೂ ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಇದರಲ್ಲಿ ಬಾಲನ್ನು ಎದೆಗೆ ಅವುಚಿಕೊಂಡು ಓಡಬೇಕು, ಎದುರು ಟೀಮಿನವರು ಹಿಡಿದು ಕೆಡವುತ್ತಾರೆ. ಬಾಲ್ ಕೂಡ ದುಂಡಗಿಲ್ಲ. ಒಂದು ರೇಷ್ಮೆಗೂಡನ್ನು ದೊಡ್ಡದು ಮಾಡಿ, ಎರಡೂ ತುದಿ ಚೂಪು ಮಾಡಿದ ಹಾಗಿದೆ.

ಬೆಂಗಳೂರಿನಲ್ಲಿ ಡಿಪ್ಲೊಮಾ ಓದುವಾಗ ಅಲ್ಲಿನ ಒಂದು ಕ್ಲಬ್ಬಿನ ಕೋಚ್ ಮಾಮೂನ ಅಗಲ ಭುಜ ನೋಡಿ ಟೀಮಿಗೆ ಕರೆದರಂತೆ. ಅವರಿಗೆ ಕೊಟ್ಟ ಜಾಗದ ಹೆಸರು ಫುಲ್‌ಬ್ಯಾಕ್. ಓದು ಮುಗಿಸಿ ಶಿಡ್ಲಘಟ್ಟಕ್ಕೆ ಬಂದು ಮನೆಯ ರೇಷ್ಮೆ ನೂಲಿನ ಕೆಲಸಕ್ಕೆ ಸೇರಿದ ಮೇಲೂ ಅವರು ಆಟ ಬಿಡಲಿಲ್ಲ. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹೋದರೆ, ಬರುವುದು ದೀಪ ಹಚ್ಚುವ ಹೊತ್ತಿಗೆ.

ಮನೆಯವರು ಯಾರೂ ಮ್ಯಾಚ್ ನೋಡಿರಲಿಲ್ಲ. ಬರ್ತೀವಿ ಅಂದರೆ ಮಾಮೂ, "ಧೂಳು ಜಾಸ್ತಿ ಅಮ್ಮಿ, ಬೇಡ," ಅನ್ನುತ್ತಿದ್ದರು. ಈ ಸಲ ತಪ್ಪಿಸಿಕೊಳ್ಳಲು ಆಗಲಿಲ್ಲ. ಫೈನಲ್ ಇದ್ದದ್ದು ಊರಿಗೆ ಹತ್ತಿರವೇ, ಮುದ್ದೇನಹಳ್ಳಿ ಬಳಿಯ ಮೈದಾನದಲ್ಲಿ. ಅದೂ ಅಲ್ಲದೆ, ಮೊಣಕಾಲು ಮೊದಲಿನ ಹಾಗಿಲ್ಲ, ಇದೇ ಕೊನೇ ಮ್ಯಾಚ್ ಅಂತ ಅವರೇ ಹೇಳಿದ್ದರು.

ಇಫ್ರಾ ಅಂತೂ ಇಡೀ ಐದನೇ ಕ್ಲಾಸಿಗೆ ಹೇಳಿಬಿಟ್ಟಿದ್ದಳು. "ನಮ್ಮ ಮಾಮೂ ಪ್ರತಿ ವಾರ ಪಾಯಿಂಟ್ ಹೊಡೀತಾರೆ. ಯಾರ ಕೈಲೂ ಹಿಡಿಯೋಕಾಗಲ್ಲ!" ಮಿಸ್ ಕೂಡ ಅವಳನ್ನು ಮುಂದೆ ನಿಲ್ಲಿಸಿ ಹೇಳಿಸಿದ್ದರು, ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಈಗ ಪವಿತ್ರ ಕಣ್ಣಾರೆ ನೋಡುತ್ತಿದ್ದಾಳೆ. ಪವಿತ್ರಳ ಬಾಯಿಗೆ ಬಂದದ್ದು ಸೋಮವಾರ ಪ್ರೇಯರ್ ಮುಗಿಯುವುದರೊಳಗೆ ಇಡೀ ಸ್ಕೂಲಿಗೆ ಗೊತ್ತಾಗುತ್ತದೆ.

ವಿಸಿಲ್ ಆಯಿತು. ಬಾಲ್ ಭಾನುಪ್ರಕಾಶ್ ಅನ್ನುವ ತೆಳ್ಳಗಿನ ಹುಡುಗನ ಕೈಗೆ ಹೋಯಿತು. ಪ್ರತಿ ಸಲವೂ ಅವನ ಕೈಗೇ. ಮಾಮೂ ಅವನ ಮುಂದೆ ಓಡಿದರು, ಬರೀ ಕೈಯಲ್ಲಿ. ಎದುರಿನಿಂದ ಕಪ್ಪು ಜರ್ಸಿಯವನೊಬ್ಬ ಗೂಳಿಯ ಹಾಗೆ ನುಗ್ಗಿ ಬಂದ. ಮಾಮೂ ಪಕ್ಕಕ್ಕೆ ಸರಿಯಲಿಲ್ಲ. ತಲೆ ತಗ್ಗಿಸಿ ಅವನ ಮೇಲೇ ಹೋದರು.

ಢಬ್!

ಗೋಣಿಚೀಲವನ್ನು ಲಾರಿಯಿಂದ ಎಸೆದ ಹಾಗೆ ಸದ್ದು ಮೆಟ್ಟಿಲವರೆಗೂ ಬಂತು. ಇಬ್ಬರೂ ನೆಲಕ್ಕೆ ಬಿದ್ದರು.

"ಕಬಡ್ಡೀಲಾಗಿದ್ರೆ ಇಷ್ಟೊತ್ತಿಗೆ ಎಷ್ಟು ಸಲ ಔಟ್ ಆಗಿರ್ತಿದ್ರು!" ಅಂದಳು ಪವಿತ್ರ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಹೆದರಿಕೆ ಇತ್ತು. "ಬಾಲೇ ಇಲ್ಲದವರನ್ನ ಯಾಕೆ ಹೊಡೀತಾರೆ?"

ಮಾಮೂ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಕೈ ಕೊಡವಿಕೊಂಡರು. ಆಗ ನಾನಿ ಥಟ್ಟನೆ ಎದ್ದು ನಿಂತರು.

"ಇಮಾಮ್ ಜಾಮಿನ್ ಎಲ್ಲಿ? ತೋಳಲ್ಲಿ ಇಲ್ಲ! ಹಾಯ್ ಅಲ್ಲಾ, ಅದಕ್ಕೇ ಹೀಗೆ!"

ಮನೆಯಿಂದ ದೂರ ಹೊರಟವರಿಗೆ ಏನೂ ಆಗದಿರಲಿ ಅಂತ, ಬಟ್ಟೆಯೊಳಗೆ ನಾಣ್ಯ ಇಟ್ಟು ಹೊಲಿದು ತೋಳಿಗೆ ಕಟ್ಟುವ ಪಟ್ಟಿ ಅದು. ಬೆಳಗ್ಗೆ ನಾನಿ ತಾವೇ ಕಟ್ಟಿದ್ದರು. ಆಟಕ್ಕೆ ಇಳಿಯುವ ಮುಂಚೆ ಮಾಮೂ ಅದನ್ನು ಬಿಚ್ಚಿ ಬ್ಯಾಗಿನ ಮೇಲಿಟ್ಟಿದ್ದರು. ನಾನಿ ಬ್ಯಾಗಿನ ಹತ್ತಿರ ಹೋದರು, ಪಟ್ಟಿ ತಗೊಂಡರು, ಸುಣ್ಣದ ಗೆರೆ ದಾಟಿ ಸೀದಾ ಮೈದಾನದೊಳಕ್ಕೆ ನಡೆದರು.

"ನಾನೀ! ಒಳಗೆ ಹೋಗಬಾರ್ದು ನಾನೀ!" ಇಫ್ರಾ ಹಿಂದೆ ಓಡಿದಳು.

ವಿಸಿಲ್ ಮೇಲೆ ವಿಸಿಲ್. ಎರಡೂ ಟೀಮು ಹಾಗೇ ನಿಂತುಬಿಟ್ಟವು. ಕಪ್ಪು ಜರ್ಸಿಯವರ ಮಧ್ಯೆ ದಾರಿ ಮಾಡಿಕೊಂಡು ನಾನಿ ಹೋದರು. ಮಾಮೂಗೆ ಡಿಕ್ಕಿ ಹೊಡೆದವನು ಸಿಕ್ಕಿದಾಗ, "ನಿನಗೆ ಮನೇಲಿ ಊಟ ಹಾಕಲ್ವೇನೋ? ನನ್ನ ಮಗನ್ನೇ ತಿನ್ನಬೇಕಾ?" ಅಂದರು. ಅಷ್ಟು ದೊಡ್ಡವನು "ಸಾರಿ ಆಂಟಿ" ಅಂತ ಎರಡು ಹೆಜ್ಜೆ ಹಿಂದೆ ಸರಿದ.

"ಕೈಗೆ ಏನೂ ಕಟ್ಟೋ ಹಾಗಿಲ್ಲ ಅಮ್ಮಾ, ರೂಲ್ಸು," ಅಂದರು ರೆಫರಿ.

"ಅಮ್ಮಿ, ಎಲ್ಲಾರೂ ನೋಡ್ತಿದ್ದಾರೆ. ಹೋಗಿ ಕೂತ್ಕೊಳ್ಳಿ," ಅಂದರು ಮಾಮೂ ಮೆಲ್ಲಗೆ.

"ನೋಡ್ಲಿ!" ನಾನಿ ಮಾಮೂನ ಕೈ ಹಿಡಿದು ಜರ್ಸಿಯ ತೋಳನ್ನು ಮೇಲಕ್ಕೆ ಸರಿಸಿದರು. ಆಮೇಲೆ ಅವರ ಕೈ ಅಲ್ಲೇ ನಿಂತಿತು.

ಇಫ್ರಾ ಕೂಡ ನೋಡಿದಳು. ಭುಜದಿಂದ ಮೊಣಕೈವರೆಗೆ ಕಲೆಗಳು. ಕೆಲವು ನೀಲಿ, ಕೆಲವು ನೇರಳೆ, ಹಳೆಯವು ಹಳದಿ. ಚರ್ಮದ ಬಣ್ಣ ಕಾಣುತ್ತಿದ್ದ ಜಾಗವೇ ಕಡಿಮೆ. ಮನೆಯಲ್ಲಿ ಮಾಮೂ ಯಾವಾಗಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದುದು, ಬೇಸಿಗೆಯಲ್ಲೂ ಹಾಕುತ್ತಿದ್ದುದು, ಈಗ ನೆನಪಾಯಿತು.

"ಒಂದು ದಿನ ನಾನು ಕಲೆ ನೋಡಿದಾಗ, ಬಸ್ಸಿನ ಬಾಗಿಲು ತಗುಲ್ತು ಅಂತ ನೀನು ಅಂದಿದ್ದೆ," ಅಂದರು ನಾನಿ. ಅವರ ದನಿ ಸಣ್ಣದಾಗಿತ್ತು. "ಎಷ್ಟು ಬಸ್ಸಿನ ಬಾಗಿಲೋ ಬೇಟಾ ಇವು?"

ಮಾಮೂ ನೆಲ ನೋಡುತ್ತಾ ನಿಂತರು. ಆಮೇಲೆ ಪಟ್ಟಿಯನ್ನು ನಾನಿಯ ಕೈಯಿಂದ ತಗೊಂಡು, ಬಗ್ಗಿ ತಮ್ಮ ಕಾಲುಚೀಲದೊಳಗೆ ಸಿಕ್ಕಿಸಿಕೊಂಡರು. ರೆಫರಿ ಬೇರೆ ಕಡೆ ನೋಡಿದರು.

ಭಾನುಪ್ರಕಾಶ್ ನಗುತ್ತಾ ಹತ್ತಿರ ಬಂದ. "ಅಮ್ಮಾ, ನಂಗೂ ಒಂದು ಕೊಡಿ ಹಂಗಾದ್ರೆ!"

ನಾನಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನಿಂಗ್ಯಾಕಪ್ಪಾ? ನಿನ್ನ ಬಟ್ಟೇಲಿ ಮಣ್ಣೇ ಇಲ್ವಲ್ಲ."

ಭಾನುಪ್ರಕಾಶನ ನಗು ನಿಂತಿತು. ಅವನು ತನ್ನ ಜರ್ಸಿ ನೋಡಿಕೊಂಡ. ಆಮೇಲೆ ಮಾಮೂನ ಜರ್ಸಿ ನೋಡಿದ. ಅದರ ಮೇಲೆ ಕೆಮ್ಮಣ್ಣು ಮೆತ್ತಿ ನಲವತ್ತನಾಲ್ಕರಲ್ಲಿ ಒಂದು ನಾಲ್ಕು ಕಾಣುತ್ತಲೇ ಇರಲಿಲ್ಲ. ಅವನು ತನ್ನ ಜಾಗಕ್ಕೆ ಹೋದ.

ಇಫ್ರಾ ನಾನಿಯ ಕೈ ಹಿಡಿದು ವಾಪಸ್ ಕರೆತಂದಳು. ಮತ್ತೆ ಆಟ ಶುರುವಾಯಿತು.

ಈಗ ಅವಳು ಬಾಲ್ ನೋಡಲಿಲ್ಲ. ನಲವತ್ತನಾಲ್ಕನ್ನು ಮಾತ್ರ ನೋಡಿದಳು. ಮಾಮೂ ಓಡಿದರು. ಕಪ್ಪು ಜರ್ಸಿಯವನು ನೋಡುತ್ತಿದ್ದುದು ಮಾಮೂನ ಕಡೆ ಅಲ್ಲ, ಅವರ ಹಿಂದೆ ಬರುತ್ತಿದ್ದ ಭಾನುಪ್ರಕಾಶನ ಕಡೆ. ಮಾಮೂ ಮಧ್ಯಕ್ಕೆ ಹೋದರು. ಢಬ್! ಇಬ್ಬರೂ ಬಿದ್ದ ಜಾಗದ ಪಕ್ಕದಲ್ಲೇ, ಒಂದು ಬಾಗಿಲಿನಷ್ಟು ಅಗಲದ ಸಂದಿಯಲ್ಲಿ, ಭಾನುಪ್ರಕಾಶ್ ಗಾಳಿಯ ಹಾಗೆ ದಾಟಿಹೋದ.

ಫುಲ್‌ಬ್ಯಾಕ್ ಅಂದರೆ ಇದೇ ಕೆಲಸ. ಪ್ರತಿ ಸಲವೂ ಹೀಗೇ ಆಗುತ್ತಿತ್ತು. ಅವಳು ಇಷ್ಟು ಹೊತ್ತು ನೋಡಿರಲಿಲ್ಲ, ಅಷ್ಟೇ.

ಕೊನೆಗೆ ನೀಲಿ ಟೀಮ್ ಗೆದ್ದಿತು. ಎಲ್ಲರೂ ಭಾನುಪ್ರಕಾಶನನ್ನು ಎತ್ತಿಕೊಂಡು ಕುಣಿದರು. ಮಾಮೂ ಒಂದು ಮೊಣಕಾಲೂರಿ ನಿಧಾನಕ್ಕೆ ಎದ್ದರು. ಜೊತೆಗೆ ಬಿದ್ದಿದ್ದ ಕಪ್ಪು ಜರ್ಸಿಯವನಿಗೆ ಕೈ ಕೊಟ್ಟು ಎಬ್ಬಿಸಿದರು. ಅದಾದ ಮೇಲೆ ಗುಂಪಿನ ಕಡೆ ನಡೆದರು.

ಸಂಜೆ ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿದರು. ಮುಂದಿನ ಸೀಟಿನಲ್ಲಿ ಮಾಮೂ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ನಾನಿ ಅವರ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬೈಯುತ್ತಾರೆ ಅಂದುಕೊಂಡಿದ್ದಳು ಇಫ್ರಾ. ನಾನಿ ಬೈಯಲಿಲ್ಲ.

"ಸೋಮವಾರ ಎಲ್ಲಾರೂ ಕೇಳ್ತಾರೆ ಕಣೇ, ಎಷ್ಟು ಪಾಯಿಂಟ್ ಹೊಡೆದ್ರು ಅಂತ. ಏನ್ ಹೇಳ್ಲಿ?" ಪವಿತ್ರ ಪಿಸುಗುಟ್ಟಿದಳು.

"ಒಂದೂ ಇಲ್ಲ ಅನ್ನು."

"ನಿನ್ನ ಬಾಯಿಬಡುಕಿ ಅಂತಾರೆ. ಒಂದು ಕೆಲ್ಸ ಮಾಡಣ. ನಿಂದೇನೂ ತಪ್ಪಿಲ್ಲ, ನಿಮ್ಮ ಮಾಮೂನೇ ಸುಳ್ಳು ಹೇಳಿದ್ರು ಅಂತ ಹೇಳ್ತೀನಿ. ಆಯ್ತಾ?"

ಅದು ಸುಲಭವಾಗಿತ್ತು. ಹ್ಞೂಂ ಅಂದರೆ ಸಾಕಿತ್ತು.

ಇಫ್ರಾ ಯೋಚಿಸಿದಳು. ಎಷ್ಟೋ ಭಾನುವಾರ ಬಾಗಿಲಲ್ಲೇ ನಿಂತು ಅವಳು ಕೇಳಿದ್ದಳು. ಇವತ್ತು ಎಷ್ಟು ಪಾಯಿಂಟ್ ಮಾಮೂ? ಎರಡಾ? ಮೂರಾ? ಮಾಮೂ ಷೂ ಬಿಚ್ಚುತ್ತಾ ನಗುತ್ತಿದ್ದರು. ನಿನ್ನ ಊಟ ಆಯ್ತಾ ಅನ್ನುತ್ತಿದ್ದರು. ಅವಳು ಮೂರು ಅಂತ ತಾನೇ ಅಂದುಕೊಂಡು ಮಲಗುತ್ತಿದ್ದಳು.

"ಹಂಗೆ ಹೇಳ್ಬೇಡ," ಅಂದಳು ಇಫ್ರಾ. "ನಾನೇ ಹೇಳ್ತೀನಿ ಕ್ಲಾಸಲ್ಲಿ."

"ಏನಂತ?"

ಇಫ್ರಾ ಮುಂದಿನ ಸೀಟಿನ ಕಡೆ ನೋಡಿದಳು. ನಾನು ಪಾಯಿಂಟ್ ಹೊಡೆದೆ ಅಂತ ಮಾಮೂ ಒಂದು ದಿನವೂ ಹೇಳಿರಲಿಲ್ಲ.