ಬರ್ತೀನಿ ಅತ್ತೆ

ಪಾತ್ರೆ ತೊಳೆಯುತ್ತಿದ್ದ ನನ್ನ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು: “ಬರ್ತೀನಿ ಅತ್ತೆ.”

ಆಮೇಲೆ ಚಿಲಕ ಸರಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಬಡಿದ ಸದ್ದು, ಮೂರು ಸಲ, ಬಡಿಯುವವರ ಕೈಯಲ್ಲಿ ತ್ರಾಣವೇ ಇಲ್ಲವೇನೋ ಎಂಬಷ್ಟು ಮೆಲ್ಲಗೆ. ತಿರುಗಿ ನೋಡಿದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ. ಹಿಂದಿನ ದಿನ ಕಿಟಕಿಯಲ್ಲಿ ಸಿಕ್ಕಿದ ಮೈನಾ ಮಾತ್ರ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ನನ್ನ ಕೈಯಿಂದ ತಟ್ಟೆ ಜಾರಿತು.

“ಇನ್ನೊಂದ್ಸಲ ಹೇಳ್ಸು,” ಎಂದರು ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, ಅದಕ್ಕೆ ನಾನೇ ಪಾಠ ಹೇಳಿಕೊಟ್ಟವನೆಂಬಂತೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕೋರ್ಟಿನಲ್ಲಿ ಶೀಘ್ರಲಿಪಿ ಬರೆದೇ ನಿವೃತ್ತರಾದವರು. ಯಾರು ಏನಂದರು, ಯಾವುದರ ಹಿಂದೆ ಯಾವ ಮಾತು ಬಂತು ಎಂಬುದನ್ನು ಕೇಳಿದ ಕ್ರಮದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಅವರ ಚಾಳಿ. ಬೀದಿಯ ಎಷ್ಟೋ ಕಳ್ಳತನಗಳು ಆ ಚಾಳಿಯಿಂದಲೇ ಬಯಲಾಗಿವೆ. ಅವರ ಜೊತೆ ಓಡಾಡುವುದು, ಅಡುಗೆ ಮಾಡುವುದು ಮತ್ತು ಹೆದರುವುದು ನನ್ನ ಪಾಲಿನ ಕೆಲಸ.

ಹಕ್ಕಿ ಬಂದಾಗ ಸೋತು ಸುಣ್ಣವಾಗಿತ್ತು. ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತಿನ್ನಿಸಿದ್ದೆ. ರೆಕ್ಕೆಯ ತುಂಬ ಬಿಳಿ ಪುಡಿ ಮೆತ್ತಿತ್ತೆಂದು ಅಗಲವಾದ ಬಟ್ಟಲಲ್ಲಿ ನೀರಿಟ್ಟಾಗ ತಾನೇ ಇಳಿದು ಮಿಂದಿತ್ತು. ಗರಿಗಳು ಬಿಡಿಬಿಡಿಯಾಗಿ ಹೊಳೆದವು, ಪುಡಿ ಬಟ್ಟಲಿನ ತಳದಲ್ಲಿ ಕೂತಿತು. “ಹಿಟ್ಟು,” ಎಂದಿದ್ದೆ ನಾನು. ದೊಡ್ಡಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ್ದರು.

‘ಮೈನಾ ಸಿಕ್ಕಿದೆ’ ಎಂದು ಗೇಟಿಗೆ ಚೀಟಿ ಅಂಟಿಸಿದೆ. ಆ ಸಂಜೆ ಒಬ್ಬರಲ್ಲ, ಮೂವರು ಬಂದರು. ಹಿಂದಿನ ಬೀದಿಯ ಒಂದೇ ಕಟ್ಟಡದಲ್ಲಿ ಅಂಗಡಿ ಇಟ್ಟವರು: ಬೇಕರಿಯವನು, ಫೋಟೋ ಸ್ಟುಡಿಯೋದವನು, ಹೆಂಗಸರ ಬಟ್ಟೆ ಹೊಲಿಯುವ ಟೈಲರಮ್ಮ. ಹಕ್ಕಿ ಅವರ ಮಹಡಿಯ ಮೇಲಿರುವ ಮನೆ ಯಜಮಾನಿಯದಂತೆ. ಒಂದು ಕಾಲದಲ್ಲಿ ಛತ್ರಿ ರಿಪೇರಿ ಮಾಡುತ್ತಿದ್ದ ಆಕೆಯನ್ನು ಬಾಡಿಗೆಯವರೆಲ್ಲ ಅತ್ತೆ ಎಂದೇ ಕರೆಯುವುದು.

“ಹೋದ ತಿಂಗಳೇ ಮಗಳ ಊರಿಗೆ ಹೋದ್ರು,” ಎಂದ ಬೇಕರಿಯವನು. “ಹಕ್ಕೀನೂ ಕರ್ಕೊಂಡು ಹೋಗ್ತಿದ್ದೀನಿ ಅಂತ ಮೆಸೇಜ್ ಬಂತು.”

“ಹೋಗಿದ್ದನ್ನ ಕಣ್ಣಾರೆ ನೋಡಿದವರು ಯಾರು?” ಎಂದರು ದೊಡ್ಡಮ್ಮ.

ಫೋಟೋದವನು ದನಿ ತಗ್ಗಿಸಿದ. “ನಾವ್ಯಾರೂ ನೋಡಿಲ್ಲ ಮೇಡಂ. ಅವರ ಮನೆಗೆ ಬೀಗ ಹಾಕಿದೆ. ಆದ್ರೂ ಒಂದೊಂದ್ಸಲ ಗೋಡೆ ಒಳಗಿಂದ ಯಾರೋ ಬಡಿದ ಹಾಗೆ ಕೇಳತ್ತೆ. ಹೋದ ಕಡೆ ಅವರಿಗೆ ಏನಾದ್ರೂ ಆಗಿ, ಇಲ್ಲಿಗೆ ವಾಪಸ್ ಬಂದಿದ್ದಾರೋ ಏನೋ.”

“ಹಾಗೆಲ್ಲ ಅನ್ಬೇಡಿ ಅಣ್ಣ,” ಎಂದಳು ಟೈಲರಮ್ಮ. “ಅತ್ತೆ ಬರೋ ತನಕ ಹಕ್ಕಿನ ನಾನು ನೋಡ್ಕೋತೀನಿ.”

“ಬರ್ತೀನಿ ಅತ್ತೆ,” ಎಂದಿತು ಮೈನಾ. ಅದೇ ಕೊಕ್ಕಿನಿಂದ ಚಿಲಕದ ಸದ್ದು. ಮೂರು ಬಡಿತ.

ದೊಡ್ಡಮ್ಮ ಒಳಗೆ ಹೋಗಿ ಪೊಲೀಸ್ ಠಾಣೆಗೆ ಫೋನ್ ಮಾಡಿ ಬಂದರು. “ನಡೀರಿ, ಹಕ್ಕಿನ ಅದರ ಮನೆಗೇ ಬಿಡೋಣ,” ಎಂದವರು ಮೈನಾವನ್ನು ಅಟ್ಟದ ಮೇಲಿದ್ದ ಹಳೆಯ ಪಂಜರಕ್ಕೆ ಹಾಕಿಸಿ ನನ್ನ ಕೈಗೆ ಕೊಟ್ಟು, ಎಲ್ಲರನ್ನೂ ನೇರವಾಗಿ ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋದರು, ಕೂರಲು ಅಲ್ಲೇ ಜಾಗ ಜಾಸ್ತಿ ಎಂಬ ನೆಪ ಹೇಳಿ.

ಅರ್ಧ ಹೊಲಿದ ರವಿಕೆ ತೊಟ್ಟ ತಲೆಯಿಲ್ಲದ ಬೊಂಬೆಗಳು ಸಾಲಾಗಿ ನಿಂತಿದ್ದವು. ಹಿಂದಿನ ಗೋಡೆಯನ್ನು ಮುಚ್ಚಿ ಸೂರಿನವರೆಗೂ ಬಟ್ಟೆಯ ಥಾನುಗಳು. ಒಳಗೆ ಕಾಲಿಟ್ಟಿದ್ದೇ ಪಂಜರದಲ್ಲಿ ಮೈನಾ ರೆಕ್ಕೆ ಬಡಿಯತೊಡಗಿತು. ನನಗೆ ಅಲ್ಲಿಂದ ಓಡಿಬಿಡಬೇಕೆನಿಸಿತು.

“ಬರ್ತೀನಿ ಅಂತ ನಾವು ಯಾವಾಗ ಅಂತೀವಿ?” ದೊಡ್ಡಮ್ಮ ನನ್ನನ್ನು ಕೇಳಿದರು.

“ಬರೋವಾಗ.”

“ಈಗ ಮನೆಯಿಂದ ಹೊರಡ್ತಾ ಪಕ್ಕದ ಮನೆಯವರಿಗೆ ಏನಂದೆ?”

ಬರ್ತೀನಿ ಎಂದೇ ಅಂದಿದ್ದೆ. ನಾಲಿಗೆ ಕಚ್ಚಿಕೊಂಡೆ.

“ಅದು ಹೊರಡೋರ ಮಾತು. ಆಮೇಲೆ ಚಿಲಕ, ಕೊನೆಗೆ ಬಡಿತ. ಹೊರಗಿಂದ ಬಂದೋರಾದ್ರೆ ಮೊದಲು ಬಡೀತಾರೆ, ಆಮೇಲೆ ಚಿಲಕ ಸರಿಯತ್ತೆ, ಮಾತು ಕೊನೇಲಿ. ಹಕ್ಕಿ ಹೇಳೋ ಕ್ರಮ ತಿರುಗುಮುರುಗು. ಅಂದ್ರೆ ಬಡಿಯೋರು ಒಳಗಿದ್ದಾರೆ. ಅದಕ್ಕೆ ಬಾಯಿಪಾಠ ಆಗಿದೆ ಅಂದ್ರೆ ಇದು ದಿನಾ ನಡೆದಿದೆ. ಪಿಸುಮಾತು ಯಾಕೆ? ಅಕ್ಕಪಕ್ಕ ಕೇಳಬಾರದು ಅಂತ.”

“ಸಿಕ್ಕಾಗ ಇದರ ರೆಕ್ಕೆ ತುಂಬ ಹಿಟ್ಟಿತ್ತು,” ಎಂದೆ ನಾನು. ಎಲ್ಲರೂ ಬೇಕರಿಯವನ ತೋಳಿನ ಮೇಲಿದ್ದ ಹಿಟ್ಟನ್ನೇ ನೋಡಿದೆವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಹಿಟ್ಟಾಗಿದ್ರೆ ನೀರು ಬಿದ್ದಿದ್ದೇ ಗರಿ ಅಂಟಿಕೊಂಡು ಮುದ್ದೆ ಆಗ್ತಿತ್ತು. ಆಗ್ಲಿಲ್ಲ. ಅದು ಬಟ್ಟೆ ಮೇಲೆ ಗೆರೆ ಎಳೆಯೋ ಸೀಮೆಸುಣ್ಣ.” ದೊಡ್ಡಮ್ಮ ಕತ್ತರಿಸುವ ಮೇಜಿನ ಅಂಚನ್ನು ಬೆರಳಿನಿಂದ ಒರೆಸಿ, ಬಿಳಿಯಾದ ಬೆರಳನ್ನು ತೋರಿಸಿದರು. “ಮಿಷನ್ ಓಡ್ತಾ ಇದ್ರೆ ಬಡಿದಿದ್ದು ಯಾರಿಗೂ ಕೇಳಲ್ಲ. ಈಗ ನಿಂತಿದೆ. ಕೇಳಿ.”

ಥಾನುಗಳ ಹಿಂದಿನಿಂದ ಮೂರು ಬಡಿತ ಕೇಳಿತು. ಪಂಜರ ನನ್ನ ಕೈಯಲ್ಲಿತ್ತು, ಹಕ್ಕಿಯ ಕೊಕ್ಕು ಮುಚ್ಚಿತ್ತು.

ಟೈಲರಮ್ಮ ಓಡಲಿಲ್ಲ, ಅಳಲಿಲ್ಲ. “ಕಟ್ಟಡ ಮಾರಿ ಮಗಳ ಹತ್ರ ಹೋಗ್ತೀನಿ ಅಂದ್ರು,” ಎಂದಳು, ಮೈನಾ ಆಡಿದ್ದ ಅದೇ ಮೆಲುದನಿಯಲ್ಲಿ. “ನಮ್ಮಮ್ಮ ಹೋದ್ಮೇಲೆ ನಂಗೆ ಅಂತ ಇದ್ದೋರು ಅವರೊಬ್ಬರೇ. ಸ್ವಲ್ಪ ದಿನ ಇಟ್ಕೊಂಡ್ರೆ ಮನಸ್ಸು ಬದಲಾಗತ್ತೆ ಅಂದ್ಕೊಂಡೆ. ಅವರ ಫೋನಿಂದ ಮೆಸೇಜ್ ಹಾಕಿದ್ದು ನಾನೇ, ಮಗಳಿಗೂ. ದಿನಾ ತಲೆ ಬಾಚ್ತಿದ್ದೆ. ಬಿಸಿಬಿಸಿ ಊಟ ಹಾಕ್ತಿದ್ದೆ. ನಾನು ಅವರಿಗೆ ಏನು ಕಡಿಮೆ ಮಾಡಿದೀನಿ, ಕೇಳಿ ಬೇಕಾದ್ರೆ.”

ಥಾನುಗಳನ್ನು ಎಳೆದು ಹಾಕಿ ಚಿಲಕ ತೆಗೆದೆವು. ಸೀಮೆಸುಣ್ಣದ ಡಬ್ಬಿಗಳ ನಡುವೆ, ಒಪ್ಪವಾಗಿ ಜಡೆ ಹಾಕಿಸಿಕೊಂಡು, ಹೊಸ ರವಿಕೆ ತೊಟ್ಟು ಅತ್ತೆ ಕೂತಿದ್ದರು. ಮೇಲೆ ಅಂಗೈಯಗಲದ ಒಂದು ಕಿಂಡಿ. “ಅದಾದ್ರೂ ಬದುಕ್ಲಿ ಅಂತ ಬಿಟ್ಟೆ,” ಎಂದರು ಪಂಜರ ನೋಡಿ.

ಅಷ್ಟರಲ್ಲಿ ಪೊಲೀಸರು ಬಂದಿದ್ದರು. ನನ್ನ ತೋಳು ಹಿಡಿದು ನಡೆಯುತ್ತಿದ್ದ ಅತ್ತೆ ಟೈಲರಮ್ಮನ ಮುಂದೆ ನಿಂತರು. ಹೊಡೆದೇ ಬಿಡುತ್ತಾರೆ ಎಂದುಕೊಂಡೆ.

“ಊಟ ಮಾಡಿದ್ಯಾ?” ಎಂದು ಕೇಳಿದರು.

“ಇಲ್ಲ ಅತ್ತೆ. ನಿಮಗೆ ಹಾಕಿದ ಮೇಲಲ್ವಾ.”

“ಇನ್ಮೇಲೆ ನೀನೇ ಹಾಕ್ಕೊಂಡು ತಿನ್ನು,” ಎಂದು ಅತ್ತೆ ನನ್ನ ತೋಳನ್ನು ಮುಂದಕ್ಕೆ ಎಳೆದರು. ಆಗ ಟೈಲರಮ್ಮ ಅತ್ತಳು, ಇಡೀ ಬೀದಿಗೆ ಕೇಳುವಂತೆ. ಅತ್ತೆ ತಿರುಗಿ ನೋಡಲಿಲ್ಲ.